ಜೋಡಿ ಕಟ್ಟುವ ದಿನ

ಕುಸ್ತಿ ನಡೆಯುವ ದಿನಕ್ಕಿಂತ ಜೋಡಿ ಕಟ್ಟುವ ದಿನದ ಮೇಲೆಯೇ ಬಾಲ್ಯದಿಂದಲೂ ನನಗೆ ಕುತೂಹಲ ಹೆಚ್ಚು. ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲವಾದರೂ, ರಬ್ಬರಿನ ಹಾಸಿನ ಮೇಲೆ ನಡೆಯುವ ಪಾಯಿಂಟ್ ಕುಸ್ತಿಯನ್ನು ದೂರದರ್ಶನದಲ್ಲಿ ಮಾತ್ರ ಕಂಡಿರುವ ಈಗಿನ ತರುಣರ ಸಲುವಾಗಿ ಒಂದೆರಡು ಮಾತು ಹೇಳುವುದು ಉಚಿತ. ನಾಡಕುಸ್ತಿಯಲ್ಲಿ ಪಂದ್ಯಕ್ಕೆ ಕೆಲವು ದಿನಗಳ ಮುಂಚೆಯೇ ಬೇರೆ ಬೇರೆ ಗರಡಿಗಳ ಪೈಲ್ವಾನರು ಒಂದೆಡೆ ಕಲೆಯುತ್ತಾರೆ. ಅಂಗಿ ಕಳಚಿ ಸಾಲಾಗಿ ನಿಂತ ಆ ಯುವಕರ ಎತ್ತರ, ಎದೆಯ ಹರವು, ಕತ್ತಿನ ಗಾತ್ರ, ಸಾಮು ಮಾಡಿದ ವರ್ಷಗಳು, ಹಿಂದೆ ಯಾರನ್ನು ಚಿತ್ ಮಾಡಿದ್ದಾರೆ, ಯಾರಿಂದ ಚಿತ್ ಆಗಿದ್ದಾರೆ ಎಂಬುದನ್ನೆಲ್ಲ ಹಿರಿಯ ಉಸ್ತಾದರು ಮನಸ್ಸಿನಲ್ಲಿಯೇ ತೂಗಿ, ಇಬ್ಬಿಬ್ಬರನ್ನು ಎದುರೆದುರು ನಿಲ್ಲಿಸಿ, ಇವನಿಗೆ ಇವನು ಸಮ ಎಂದು ನಿಷ್ಕರ್ಷಿಸಿದ ಮೇಲೆ ಅವರಿಬ್ಬರೂ ಪರಸ್ಪರ ಕೈ ಕೊಟ್ಟು ಒಪ್ಪಿಗೆ ಸೂಚಿಸಬೇಕು. ಆ ಬಳಿಕ ಹೆಸರು ಪಟ್ಟಿಗೆ ಏರುತ್ತದೆ. ಪಟ್ಟಿ ಅಚ್ಚುಕೂಟಕ್ಕೆ ಹೋಗುತ್ತದೆ. ಗೋಡೆಗೆ ಅಂಟಿಸಿದ ಕಾಗದದಲ್ಲಿ ದೊಡ್ಡ ಜೋಡಿಗಳ ಭಾವಚಿತ್ರ ಮೇಲೆ, ಸಣ್ಣ ಜೋಡಿಗಳ ಹೆಸರು ಕೆಳಗೆ, ಪ್ರತಿಯೊಂದು ಹೆಸರಿನ ಪಕ್ಕದಲ್ಲಿಯೂ ಉಸ್ತಾದನ ಹೆಸರು ಮತ್ತು ಗರಡಿಯ ಹೆಸರು. ಅಲ್ಲಿ ಜಾತಿಯ ಪ್ರಸ್ತಾಪ ಎಲ್ಲಿಯೂ ಇರುವುದಿಲ್ಲ. ಆದರೆ ಮೈಸೂರಿನವನಾದವನಿಗೆ ಗರಡಿಯ ಹೆಸರೊಂದು ತಿಳಿದರೆ ಕೇರಿ ತಿಳಿಯಿತು, ಕೇರಿ ತಿಳಿದರೆ ಮಿಕ್ಕದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಪ್ಲೇಗಿನ ಭೀತಿಯ ತರುವಾಯ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ ಮೈಸೂರು ನಗರವು ವಿಶಾಲವಾದ ರಸ್ತೆಗಳನ್ನೂ ಹೊಸ ಬಡಾವಣೆಗಳನ್ನೂ ಪಡೆಯಿತೆಂಬುದು ನಿಜ. ಆದರೆ ಸುಣ್ಣ ಸುಡುವವರ ಹೆಸರು ಹೊತ್ತ ಸುಣ್ಣದಕೇರಿ, ಮಡಕೆ ಮಾಡುವವರ ಕುಂಬಾರಗೇರಿ, ದಂಡಿನ ನೆನಪು ಉಳಿಸಿಕೊಂಡ ಲಷ್ಕರ್ ಮೊಹಲ್ಲಾ, ವ್ಯಾಪಾರದ ಮಂಡಿ ಮೊಹಲ್ಲಾ, ನಜರ್‌ಬಾದು, ವೀರನಗೆರೆ, ದಲಿತರು ನೆಲೆಸಿದ ಅಶೋಕಪುರಂ, ಇವೆಲ್ಲ ಆ ಅಗಲವಾದ ರಸ್ತೆಗಳ ಬೆನ್ನ ಹಿಂದೆ ತಮ್ಮ ತಮ್ಮ ಹಳೆಯ ಸ್ವಭಾವವನ್ನು ಬಿಡದೆ ಬಾಳಿದುವು. ಓದುವ ನಿಮಿತ್ತ ನಾನು ಮೈಸೂರಿಗೆ ಹೋದಾಗ ಸೋದರತ್ತೆಯ ಮನೆಯಲ್ಲಿ, ಅಗ್ರಹಾರದಲ್ಲಿ, ಇದ್ದೆ. ಅಲ್ಲಿಂದ ಸುಣ್ಣದಕೇರಿ ಕೂಗಳತೆಯ ದೂರ. ಬೆಳಗಿನ ಜಾವದಲ್ಲಿ ಒಂದು ಕಡೆಯಿಂದ ಸಂಧ್ಯಾವಂದನೆಯ ಮಂತ್ರ, ಇನ್ನೊಂದು ಕಡೆಯಿಂದ ದಂಡ ಬಸ್ಕಿ ಹೊಡೆಯುವ ಹುಡುಗರ ಉಸಿರಿನ ಹುಂಕಾರ. ಬಗ್ಗಿ ಒಳಹೋಗಬೇಕಾದಷ್ಟು ತಗ್ಗಾದ ಬಾಗಿಲು, ಗೂಡಿನಲ್ಲಿ ಆಂಜನೇಯ, ಮಟ್ಟಿಯ ಕೆಮ್ಮಣ್ಣಿಗೆ ಬೆರೆಸಿದ ಅರಿಶಿನ ಕರ್ಪೂರಗಳ ಘಮ; ಹೊಸ್ತಿಲ ಬಳಿ ನಿಂತು ಇದನ್ನೆಲ್ಲ ಎಷ್ಟೋ ಸಲ ನೋಡಿದ್ದೇನೆಯೇ ಹೊರತು ನಮ್ಮ ಅಗ್ರಹಾರದ ಹುಡುಗರಾರೂ ಮಟ್ಟಿಗೆ ಇಳಿಯುತ್ತಿರಲಿಲ್ಲ. ನಾವು ಬ್ಯಾಟು ಹಿಡಿದು ಮಹಾರಾಜ ಕಾಲೇಜಿನ ಮೈದಾನದ ಕಡೆಗೆ ಹೋಗುವವರು. ಕೇರಿಕೇರಿಗಳ ನಡುವಣ ಸ್ಪರ್ಧೆಯ ಮಾತನ್ನು ಎಲ್ಲರೂ ಆಡುತ್ತಾರೆ. ಯಾವ ಕೇರಿಗೆ ಯಾವ ಆಟ ಎಂಬುದೇ ಅದಕ್ಕಿಂತ ಹಿಂದಿನ ವಿಭಜನೆ ಎಂಬುದು ಮಾತಿಗೆ ಬರುವುದು ಅಪರೂಪ.

ಆದರೆ ಜೋಡಿಯ ಮರ್ಮವನ್ನು ನಾನು ಕಲಿತದ್ದು ಮೈಸೂರಿನಲ್ಲಲ್ಲ, ಹುಲ್ಲಹಳ್ಳಿಯ ಸೀಮೆಯಲ್ಲಿ.

ಹುಲ್ಲಹಳ್ಳಿಯು ನಂಜನಗೂಡಿಗೆ ಪಶ್ಚಿಮದಲ್ಲಿ, ಕಪಿಲೆಯ ದಡದಲ್ಲಿರುವ ಹೋಬಳಿಯ ಊರು. ಇಲ್ಲಿಯ ಹಳೆಯ ಅಣೆಕಟ್ಟಿನಿಂದ ಹೊರಡುವ ಹುಲ್ಲಹಳ್ಳಿ ನಾಲೆ ಮತ್ತು ರಾಂಪುರ ನಾಲೆ ಎಂಬೆರಡು ಕಾಲುವೆಗಳು ನದಿಯ ಉಭಯ ಪಾರ್ಶ್ವಗಳಲ್ಲಿ ಬತ್ತದ ಬಯಲನ್ನು ಸಾಕುತ್ತ ಬಂದಿವೆ. ನೀರು ಇದ್ದಲ್ಲಿ ಗದ್ದೆ, ಗದ್ದೆ ಇದ್ದಲ್ಲಿ ಒಡೆಯ ಮತ್ತು ಆಳು, ಇಬ್ಬರೂ ಇದ್ದಲ್ಲಿ ಮೇಲಣ ಬೀದಿ ಮತ್ತು ಕೆಳಗಣ ಕೇರಿ. ಇದು ಕಪಿಲೆಯುದ್ದಕ್ಕೂ, ಹುಲ್ಲಹಳ್ಳಿಯಿಂದ ನಂಜನಗೂಡು, ಸುತ್ತೂರುಗಳನ್ನು ಹಾದು ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೂ, ಹೆಚ್ಚು ಕಡಮೆ ಒಂದೇ ವಿನ್ಯಾಸ. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಊರೂರಿನ ಜಾತ್ರೆಗಳು ಮೊದಲಾಗುತ್ತಿದ್ದುವು, ಜಾತ್ರೆಯ ಜೊತೆಗೆ ಕುಸ್ತಿಯೂ. ಸುತ್ತೂರಿನ ಜಾತ್ರೆಯಲ್ಲಿ ಇಂದಿಗೂ ಕುಸ್ತಿಯುಂಟು. ಉಳಿದ ಬಹಳ ಊರುಗಳಲ್ಲಿ ನಿಂತುಹೋಗಿದೆ.

ನನ್ನ ತಂದೆ ಶಾನುಭೋಗರಾಗಿದ್ದರು. ಅಕ್ಷರ ದುಂಡಗೆ ಬರುತ್ತಿದ್ದ ಕಾರಣ ಸುತ್ತಣ ಊರುಗಳವರು ಜೋಡಿಪಟ್ಟಿ ಬರೆಯಲು ಅವರನ್ನು ಕರೆದೊಯ್ಯುತ್ತಿದ್ದರು. ಮಸಿಕುಡಿಕೆ ಹಿಡಿಯಲು ನಾನು. ಆ ಐವತ್ತರ ದಶಕದಲ್ಲಿ ಹುಲ್ಲಹಳ್ಳಿಗೆ ಎರಡು ಹರದಾರಿಯಲ್ಲಿದ್ದ ಒಂದು ಊರಿನ ಕುಸ್ತಿ ನಮ್ಮ ಕಡೆ ಹೆಸರಾದುದು. ಅರಳಿಕಟ್ಟೆಯ ಮೇಲೆ ಪಟೇಲರು, ಯಜಮಾನರು, ಇಬ್ಬರು ಮೂವರು ಹಳೆಯ ಪೈಲ್ವಾನರು, ಕೆಳಗೆ ಹುಡುಗರು. ಅಲ್ಲಿ ಕುಳಿತು ನೋಡಿದವನಿಗೆ ಊರಿನ ಸಮಾಜಶಾಸ್ತ್ರವೆಲ್ಲ ಒಂದು ಮಧ್ಯಾಹ್ನದಲ್ಲಿ ಕರಗತವಾಗುವಂತಿದ್ದಿತು. ನಾಯಕರ ಬೀದಿಗೂ ಕುರುಬಗೇರಿಗೂ ಬಿದ್ದ ಜೋಡಿಗಳೇ ಅತ್ಯಂತ ಬಿರುಸಿನವು, ಅವಕ್ಕೇ ಜನ ಹೆಚ್ಚು. ಲಿಂಗಾಯತರ ಬೀದಿಯ ಹುಡುಗನಿಗೆ ಉಪ್ಪಾರರ ಹುಡುಗ ಜೋಡಿಯಾಗಬಹುದಿತ್ತು, ಅವನು ಆ ಮನೆಯ ಗದ್ದೆಯನ್ನು ಗುತ್ತಿಗೆಗೆ ಮಾಡದಿದ್ದ ಪಕ್ಷದಲ್ಲಿ. ಮಾಡುತ್ತಿದ್ದರೆ ಹಳೆಯ ಪೈಲ್ವಾನರ ಪೈಕಿ ಒಬ್ಬರು ಕೆಮ್ಮುವರು, ಇನ್ನೊಬ್ಬರು ಎತ್ತರ ಕೂಡಲಿಲ್ಲವೆನ್ನುವರು, ಒಡೆಯನ ಮಗನು ಒಕ್ಕಲಿನ ಮಗನ ಮೊಣಕಾಲ ಕೆಳಗೆ ಆಕಾಶ ನೋಡುತ್ತ ಮಲಗುವ ಸಂಭವವು ಹೀಗೆ ಶಾಂತವಾಗಿ ನಿವಾರಣೆಯಾಗುವುದು. ಹಿಂದಿನ ವರ್ಷ ಕಾಲುವೆ ನೀರಿಗಾಗಿ ತಲೆ ಒಡೆದುಕೊಂಡ ಎರಡು ಮನೆಗಳಿದ್ದರೆ ಅವನ್ನು ಬೇಕೆಂದೇ ಎದುರು ಹಾಕುತ್ತಿದ್ದುದೂ ಉಂಟು. ನ್ಯಾಯ ಪಂಚಾಯಿತಿಯಲ್ಲಿ ಮುಗಿಯದ ಜಗಳ ಮಟ್ಟಿಯಲ್ಲಿ ಮುಗಿಯಲೆಂಬ ಹಿರಿಯರ ವಿವೇಕ ಅದು. ಆ ವಿವೇಕವನ್ನು ನಾನು ಹಗುರಾಗಿ ಕಾಣುವುದಿಲ್ಲ.

ಕೆಳಗಣ ಕೇರಿಯವರು ಆ ಕುಸ್ತಿಗೆ ಅನಿವಾರ್ಯರಾಗಿದ್ದರು, ಏಕೆಂದರೆ ತಮಟೆ ಅವರದು. ತಮಟೆಯಿಲ್ಲದೆ ಕುಸ್ತಿಯಿಲ್ಲ, ಏರುವ ಪೆಟ್ಟಿನಿಂದ ಪೈಲ್ವಾನನ ನೆತ್ತರಿಗೆ ಕಾವು ಕೊಡುವವರೂ, ಚಿತ್ ಆದ ಕ್ಷಣವನ್ನು ಊರಿಗೆ ಸಾರುವವರೂ ಅವರೇ. ಅವರಲ್ಲಿ ಒಬ್ಬ ತಮಟೆಗಾರನ ಮಗ, ಇಪ್ಪತ್ತರ ಪ್ರಾಯದವನು, ಕಬ್ಬಿಣದಂಥ ದೇಹದವನು, ಹೊಳೆಯ ಮರಳಿನಲ್ಲಿ ತನ್ನ ಕೇರಿಯ ಹುಡುಗರ ಜೊತೆ ಸಾಮು ಮಾಡಿ ಪಟ್ಟು ಕಲಿತವನು, ಒಂದು ವರ್ಷ ಪಟ್ಟಿಯ ದಿನ ಬಂದು ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ನಿಂತುಕೊಂಡ. ಯಾರೂ ಅವನನ್ನು ಹೋಗೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಪಟ್ಟಿ ಮುಗಿಯುವ ಹೊತ್ತಿಗೆ ಯಜಮಾನರೊಬ್ಬರು, ಅವನನ್ನು ಈಗತಾನೆ ಕಂಡವರಂತೆ, "ತೂಕ ಕೂಡ್ನಿಲ್ಲ ಕನಪ್ಪ, ಬರೋ ವರ್ಸ ನೋಡುವ," ಎಂದರು. ಮರುವರ್ಷ ಅವನು ಮತ್ತೆ ಬಂದ. ಮತ್ತೆ ಅದೇ ಮಾತು. ಅದಕ್ಕೆ ಅವನು ತಲೆ ತಗ್ಗಿಸಿಕೊಂಡೇ ಕೊಟ್ಟ ಉತ್ತರ ಈಗಲೂ ನನ್ನ ಕಿವಿಯಲ್ಲಿದೆ: "ಹೋದೊರ್ಸವೂ ಇಂಗೇ ಅಂದಿದ್ರಿ ಬುದ್ಧೀ. ನಾ ಎಸ್ಟು ತೂಕ ಇಳೀಬೇಕು ಅಂತಾರ ಏಳಿ, ಇಳಿತೀನಿ."

ಯಾರೋ ನಕ್ಕರು. ತಂದೆಯವರು ಲೇಖನಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿದಿದ್ದುದನ್ನು ನಾನು ನೋಡಿದೆ.

ಮುಟ್ಟದೆ ಕುಸ್ತಿಯಾಡಲಾಗದು. ಅಷ್ಟೇ ವಿಷಯ. ಎದುರಾಳಿಯ ಕೊರಳನ್ನು ತೋಳಿನಲ್ಲಿ ಬಳಸಬೇಕು, ಅವನ ಬೆವರು ನಮ್ಮ ಮೈಗೆ ಹತ್ತಬೇಕು, ಜಾರುವ ಬೆನ್ನಿಗೆ ಒಂದು ಹಿಡಿ ಮಣ್ಣು ಎರಚಿ ಮತ್ತೆ ಅಪ್ಪಬೇಕು. ಕ್ರಿಕೆಟ್ಟಾದರೋ ಅಂತರದ ಆಟ. ಚೆಂಡು ಒಬ್ಬನ ಕೈಯಿಂದ ಇನ್ನೊಬ್ಬನ ದಾಂಡಿಗೆ ಹೋಗುತ್ತದೆ, ಮನುಷ್ಯರು ಇಪ್ಪತ್ತೆರಡು ಗಜ ದೂರದಲ್ಲಿಯೇ ಉಳಿಯುತ್ತಾರೆ. ಪಾಲ್ವಂಕರ್ ಬಾಲೂ ಅವರ ಕಥೆಯನ್ನು ರಾಮಚಂದ್ರ ಗುಹ ಅವರು 2002ರಲ್ಲಿ ಪ್ರಕಟಿಸಿದ ಕ್ರಿಕೆಟ್ ಚರಿತ್ರೆಯಲ್ಲಿ ಓದಿದಾಗ ಈ ವ್ಯತ್ಯಾಸ ನನಗೆ ಥಟ್ಟನೆ ಹೊಳೆಯಿತು. ನಮ್ಮ ಧಾರವಾಡದಲ್ಲಿಯೇ 1876ರಲ್ಲಿ, ಚಮ್ಮಾರ ಕುಟುಂಬವೊಂದರಲ್ಲಿ ಹುಟ್ಟಿದ ಬಾಲೂ ಪುಣೆಯಲ್ಲಿ ಬಿಳಿಯರಿಗೆ ಅಭ್ಯಾಸದ ಚೆಂಡೆಸೆಯುತ್ತ ಬೆಳೆದು, ಬೊಂಬಾಯಿಯ ಕೋಮುವಾರು ಪಂದ್ಯಗಳಲ್ಲಿ ಹಿಂದೂ ತಂಡಕ್ಕೆ ಆಡಿ, 1906ರಲ್ಲಿ ಐರೋಪ್ಯರನ್ನು ಸೋಲಿಸಿದ ತಂಡದಲ್ಲಿ ಮುಖ್ಯರಾಗಿ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಗಳಿಸಿದರು. ಸವರ್ಣ ಸಹಆಟಗಾರರು ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಮುಟ್ಟಿದರು. ಚಹದ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ನಾಯಕತ್ವ ಬಾಲೂ ಅವರಿಗೆ ಕೊನೆಗೂ ಬರಲಿಲ್ಲ. ಅವರ ತಮ್ಮ ವಿಠಲರಿಗೆ 1923ರಲ್ಲಿ ಬಂದಿತು. ಹಿಂದೂಗಳು, ಮುಸಲ್ಮಾನರು, ಪಾರಸಿಗಳು, ಐರೋಪ್ಯರು ಎಂದು ಮಹಾನಗರವೊಂದು ತನ್ನನ್ನು ತಾನೇ ತಂಡಗಳಾಗಿ ಸೀಳಿಕೊಂಡು ಆಡಿದ ಆ ಪಂದ್ಯಾವಳಿಯ ಕುರಿತು ಬಹಳ ಚರ್ಚೆ ನಡೆದು 1946ರಲ್ಲಿ ಅದು ನಿಂತಿತು. ತಂಡಗಳ ನಡುವಣ ಗೋಡೆ ಎಲ್ಲರಿಗೂ ಕಾಣುತ್ತಿತ್ತು. ಹಿಂದೂ ತಂಡದ ಒಳಗಿದ್ದ ಗೋಡೆಯನ್ನು ಕಾಣಲು ಚಹದ ಕುಡಿಕೆಯನ್ನು ನೋಡಬೇಕಾಗಿತ್ತು.

ಜೋಡಿಯ ನಿಯಮವನ್ನು ಅತ್ಯಂತ ಶುದ್ಧರೂಪದಲ್ಲಿ ಕಾಣಬೇಕೆಂದರೆ ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಬೇಕು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬಂದ ಜಟ್ಟಿಗಳು, ತಲೆ ಬೋಳಿಸಿ ಜುಟ್ಟು ಬಿಟ್ಟವರು, ಬೆರಳಿಗೆ ಮುಷ್ಟಿಯನ್ನು ಧರಿಸಿ ಕಾದುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಊರಿಗೆ ಊರು ಎದುರು, ಆದರೆ ಎದುರಾಳಿಗಳೆಲ್ಲರೂ ಜಟ್ಟಿಗಳೇ. ರಕ್ತ ಹರಿಸುವುದಕ್ಕೂ ಸಮಾನತೆಯ ಅರ್ಹತೆ ಬೇಕೆಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಬೇರೊಂದು ದೃಶ್ಯವನ್ನು ನಾನರಿಯೆ.

ಆ ತಮಟೆಗಾರನ ಮಗ ಮೂರನೆಯ ಸಲ ಬಂದು ಕೇಳಲಿಲ್ಲ. ಮೈಸೂರಿಗೆ ಹೋಗಿ ಅಶೋಕಪುರದ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸಕ್ಕೆ ಸೇರಿದನೆಂದೂ, ಸಂಜೆಯ ವೇಳೆ ಮಂಡಿ ಮೊಹಲ್ಲಾದ ಕಡೆಯ ಸಾಬರ ಗರಡಿಯೊಂದರಲ್ಲಿ ಸಾಮು ಮಾಡುತ್ತಾನೆಂದೂ ಕೇಳಿದ್ದೆ. ಆ ವೃದ್ಧ ಉಸ್ತಾದರ ಗೂಡಿನಲ್ಲಿಯೂ ಆಂಜನೇಯನೇ ಇದ್ದುದು, ಶನಿವಾರದ ಪೂಜೆಯ ಖರ್ಚು ಅವರದೇ ಕೈಯಿಂದ ಬರುತ್ತಿದ್ದುದು ಮೈಸೂರಿನಲ್ಲಿ ಯಾರಿಗೂ ವಿಚಿತ್ರವಾಗಿ ತೋರುತ್ತಿರಲಿಲ್ಲ. ನಾನು ಕಾಲೇಜಿನಲ್ಲಿದ್ದ ಕಾಲದ ಒಂದು ದಸರೆಯಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿಗೆ ಜೋಡಿ ಕಟ್ಟುವುದನ್ನು ನೋಡಲು ಅಭ್ಯಾಸಬಲದಿಂದ ಹೋದವನು ಅವನನ್ನು ಅಲ್ಲಿ ಸಾಲಿನಲ್ಲಿ ಕಂಡೆ. ಇನ್ನೂ ಆಶ್ಚರ್ಯವೆಂದರೆ ಅವನ ಎದುರಿಗೆ ತಂದು ನಿಲ್ಲಿಸಿದ ಪೈಲ್ವಾನನು ಅದೇ ಊರಿನ ಮೇಲಣ ಬೀದಿಯವನು, ಪಟೇಲರ ಮನೆಗೆ ನೆಂಟನಾದವನು, ಕೃಷ್ಣರಾಜೇಂದ್ರ ಮಿಲ್ಲಿನ ಕೆಲಸಗಾರನಾಗಿ ನಗರಕ್ಕೆ ಬಂದು ಬೇರೊಂದು ಕೇರಿಯ ಗರಡಿಯ ಹೆಸರಿನಲ್ಲಿ ನಿಂತಿದ್ದವನು. ಉಸ್ತಾದರಿಗೆ ಇದಾವುದೂ ಗೊತ್ತಿಲ್ಲ. ಅವರ ಪಾಲಿಗೆ ಅಲ್ಲಿದ್ದುದು ಎರಡು ಗರಡಿ, ಎರಡು ಸಮ ತೂಕದ ದೇಹ. ಮೇಲಣ ಬೀದಿಯವನು ಗುರುತು ಹಿಡಿದ. ಅವನ ಕೈ ಒಂದು ಗಳಿಗೆ ಮುಂದೆ ಬರಲಿಲ್ಲ. ಪಟ್ಟಿ ಬರೆಯುತ್ತಿದ್ದವರು ತಲೆಯೆತ್ತದೆ, "ಕೈ ಕೊಡಪ್ಪ, ಹೊತ್ತಾಯ್ತು," ಎಂದರು. ಹಿಂದೆ ಇನ್ನೂ ನಲವತ್ತು ಜನ ಕಾದಿದ್ದರು. ಅವನು ಕೈ ಕೊಟ್ಟ.

ನಗರಗಳು ಮನುಷ್ಯನನ್ನು ಸಮನಾಗಿಸುತ್ತವೆ ಎಂಬ ಮಾತನ್ನು ನಾನು ಪೂರ್ಣವಾಗಿ ನಂಬುವವನಲ್ಲ. ಬೆಂಗಳೂರನ್ನೇ ನೋಡಿ: ದಂಡು ಮತ್ತು ಪೇಟೆ ಎಂದು ಎರಡಾಗಿ ಬೆಳೆದ ಆ ಊರಿನಲ್ಲಿ ಬಸವನಗುಡಿ ಮಲ್ಲೇಶ್ವರಗಳು ಕ್ರಿಕೆಟ್ಟನ್ನೂ, ಹಲಸೂರು ಆಸ್ಟಿನ್ ಟೌನುಗಳು ಫುಟ್‌ಬಾಲನ್ನೂ ತಮ್ಮದೆಂದುಕೊಂಡು ನಡುವೆ ಕಬ್ಬನ್ ಪಾರ್ಕನ್ನು ಎಲ್ಲೆಯಾಗಿ ಇಟ್ಟುಕೊಂಡವು, ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿಯೂ 1938ರಲ್ಲಿಯೂ ಗೆದ್ದು ತಂದ ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರನ್ನು, ಪೇಟೆಯ ಎಷ್ಟು ಮನೆಗಳಲ್ಲಿ ಇಂದು ಬಲ್ಲರೋ ಕಾಣೆ. ನಗರ ಮಾಡುವುದು ಇಷ್ಟು: ಪಟ್ಟಿ ಬರೆಯುವವನಿಗೆ ಎಲ್ಲರ ಮನೆತನ ತಿಳಿಯದಂತೆ ಮಾಡುತ್ತದೆ, ಅವನಿಗೆ ಹೊತ್ತಾಗುವಂತೆ ಮಾಡುತ್ತದೆ. ಕೆಲವರಿಗೆ ಅಷ್ಟೇ ಸಾಕಾಗಿದ್ದಿತು.

ಕುಸ್ತಿಯ ದಿನ ನಮ್ಮ ಕಡೆಯಿಂದ ಹಿಂಡು ಹಿಂಡಾಗಿ ಜನ ರೈಲಿನಲ್ಲಿ ಬಂದಿದ್ದರು. ಸಲಾಮಿ ಮಾಡಿ, ತೊಡೆ ತಟ್ಟಿ, ಇಬ್ಬರೂ ಹೆಣೆದುಕೊಂಡ ಮೇಲೆ ಬಹಳ ಹೊತ್ತು ಯಾರು ಯಾರನ್ನು ಕೆಡಹುವರೆಂದು ಹೇಳುವಂತಿರಲಿಲ್ಲ. ಒಮ್ಮೆ ತಮಟೆಗಾರನ ಮಗ ಕೆಳಗೆ ಬಿದ್ದವನು ಬೆನ್ನು ನೆಲಕ್ಕೆ ತಾಗದಂತೆ ಕತ್ತಿನ ಮೇಲೆಯೇ ಸೇತುವೆ ಕಟ್ಟಿ ಉಳಿದುಕೊಂಡ. ಇನ್ನೊಮ್ಮೆ ಪಟೇಲರ ನೆಂಟ, ಹಿಂದಿನಿಂದ ಸೊಂಟ ಸಿಕ್ಕಿಬಿದ್ದವನು, ಮಟ್ಟಿಯ ಅಂಚಿನವರೆಗೆ ತೆವಳಿ ಪಾರಾದ. ಎರಡು ಮೈಗಳಿಗೂ ಒಂದೇ ಕೆಮ್ಮಣ್ಣು ಮೆತ್ತಿ, ದೂರದಲ್ಲಿ ಕುಳಿತವರಿಗೆ ಯಾವ ಕೈ ಯಾರದೆಂಬುದು ತಿಳಿಯದಂತಾಯಿತು. ಸಮಬಲವೆಂದು ಸಾರಿ ಇಬ್ಬರ ಕೈಗಳನ್ನೂ ಮೇಲೆತ್ತಿಸಿದರು. ನಾನೂ ಅಂದು ಊರಿಗೆ ಹೊರಟಿದ್ದೆ. ನಂಜನಗೂಡಿನ ರೈಲಿನಲ್ಲಿ ಆ ಊರಿನ ಹಿರಿಯರು ಮೌನವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕಡಕೊಳ ದಾಟಿದ ಮೇಲೆ ಒಬ್ಬರು, ಯಾರೂ ಕೇಳದಿದ್ದರೂ, "ಅದು ಮೈಸೂರು ಮಣ್ಣು ಬುಡಿ, ನಮ್ಮೂರ ಮಣ್ಣಲ್ವಲ್ಲ," ಎಂದರು. ಎಲ್ಲರೂ ಸಮಾಧಾನಪಟ್ಟವರಂತೆ ಕಂಡರು.

ಆ ಊರಿನ ಮಣ್ಣಿನಲ್ಲಿ ಅಂಥ ಜೋಡಿ ಎಂದಿಗೂ ಬೀಳಲಿಲ್ಲ. ಇನ್ನು ಕೆಲವು ವರ್ಷಗಳಲ್ಲಿ ಮೇಲಣ ಬೀದಿಯ ಹುಡುಗರೂ ಕೆಲಸ ಹುಡುಕಿ ಪಟ್ಟಣಗಳಿಗೆ ಹೋಗತೊಡಗಿ, ಪಟ್ಟಿ ವರ್ಷವರ್ಷಕ್ಕೆ ಗಿಡ್ಡವಾಗುತ್ತ ಬಂದು, ಕಡೆಗೊಮ್ಮೆ ಜೋಡಿಗಳು ಸಿಗದ ಕಾರಣ ಕುಸ್ತಿಯನ್ನು ನಿಲ್ಲಿಸಲಾಗಿದೆ ಎಂದು ಜಾತ್ರೆಯ ಕಾಗದದಲ್ಲಿ ಅಚ್ಚಾಗಿದ್ದುದನ್ನು ಓದಿದೆ.

1993ರಲ್ಲಿ ನಮ್ಮದೇ ತಾಲ್ಲೂಕಿನ ಬದನವಾಳಿನಲ್ಲಿ, ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರಿನಲ್ಲಿ, ದೇವಾಲಯ ಪ್ರವೇಶದ ವಿಷಯವಾಗಿ ಹೊತ್ತಿಕೊಂಡ ವೈಷಮ್ಯದಲ್ಲಿ ಮೂವರು ದಲಿತರ ಕೊಲೆಯಾದಾಗ, ಮೈಸೂರಿನ ಸ್ನೇಹಿತರ ಮಂಡಲಿಯೊಂದರಲ್ಲಿ ಒಬ್ಬರು, ಹಿಂದೆ ಕುಸ್ತಿ ಕಬಡ್ಡಿಗಳಿದ್ದಾಗ ಊರುಗಳ ರೋಷವೆಲ್ಲ ಆಟದಲ್ಲಿಯೇ ಹರಿದುಹೋಗುತ್ತಿತ್ತು, ಈಗ ಅದಿಲ್ಲದೆ ಹೀಗಾಗುತ್ತಿದೆ ಎಂದರು. ಸದ್ಭಾವದ ಮಾತು. ಆದರೆ ಪಟ್ಟಿಯ ಪಕ್ಕದಲ್ಲಿ ಮಸಿಕುಡಿಕೆ ಹಿಡಿದು ಕುಳಿತವನಿಗೆ ಅದು ಒಪ್ಪಿಗೆಯಾಗುವುದು ಕಷ್ಟ. ಮಟ್ಟಿಯಲ್ಲಿ ಹರಿದುಹೋದದ್ದು ಪರಸ್ಪರ ಕೈ ಕೊಡಲೊಪ್ಪಿದವರ ರೋಷ ಮಾತ್ರ. ನಾಯಕರ ಬೀದಿಯೂ ಕುರುಬಗೇರಿಯೂ ಪ್ರತಿವರ್ಷ ಒಬ್ಬರನ್ನೊಬ್ಬರು ಸೋಲಿಸಿ ಮರುದಿನ ಒಂದೇ ಕಟ್ಟೆಯ ಮೇಲೆ ಕುಳಿತು ಹರಟುವಷ್ಟು ಹತ್ತಿರವಾಗಿದ್ದವು. ಸ್ಪರ್ಧೆಯೆಂಬುದು ಅವರಿಗೆ ಒಂದು ಬಗೆಯ ನೆಂಟಸ್ತಿಕೆ. ಎದುರಾಳಿಯಾಗುವ ಭಾಗ್ಯವೇ ಇಲ್ಲದವನಿಗೆ ತನ್ನ ರೋಷವನ್ನು ಹರಿಯಬಿಡಲು ಯಾವ ಮಟ್ಟಿ ಇದ್ದಿತು?

ಕಳೆದ ಬೇಸಗೆಯಲ್ಲಿ ಹುಲ್ಲಹಳ್ಳಿಗೆ ಹೋದಾಗ ಕಟಾವಾದ ಗದ್ದೆಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿ ನಡೆದಿತ್ತು. ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ, ಸಾಲು ಸಾಲಾಗಿ ಫ್ಲೆಕ್ಸುಗಳು: ಒಂದರಲ್ಲಿ ಅಂಬೇಡ್ಕರ್, ಒಂದರಲ್ಲಿ ಬಸವಣ್ಣ, ಒಂದರಲ್ಲಿ ವಾಲ್ಮೀಕಿ, ಒಂದರಲ್ಲಿ ಕನಕದಾಸರು, ಮತ್ತೆರಡರಲ್ಲಿ ಚಿತ್ರನಟರು. ತಂಡದ ಹೆಸರು ಕೇಳುವ ಮುಂಚೆಯೇ ಕೇರಿ ಯಾವುದೆಂದು ತಿಳಿಯುವಂತಿತ್ತು. ಹಳೆಯ ಕಾಗದಗಳಲ್ಲಿ ಗರಡಿಯ ಹೆಸರಿನ ಹಿಂದೆ ಅಡಗಿದ್ದುದು ಈಗ ಆಳೆತ್ತರದ ಬಣ್ಣದ ಚಿತ್ರವಾಗಿ ನಿಂತಿದೆ, ಅದರಲ್ಲಿ ಅಭಿಮಾನವೂ ಇದೆ ಎಂಬುದನ್ನು ಮರೆಯಲಾಗದು. ಸಂಘಟಕರಲ್ಲಿ ಒಬ್ಬ ಹುಡುಗ ನನಗೆ ಕುರ್ಚಿ ತಂದು ಹಾಕಿದ. ಯಾರಿಗೆ ಯಾರು ಎದುರು ಎಂದು ಯಾರು ಗೊತ್ತು ಮಾಡುತ್ತಾರೆಂದು ಕೇಳಿದೆ.

"ಚೀಟಿ ಎತ್ತೋದು ತಾತ. ಡಬ್ಬಕ್ಕೆ ಹಾಕ್ಬುಟ್ಟು ಸಣ್ ಮಗೀನ ಕೈಲಿ ಎತ್ತುಸ್ತೀವಿ. ಯಾರ್ಗೆ ಯಾರ್ ಬಂದ್ರೂ ಆಡ್ಲೇಬೇಕು, ಇಲ್ದಿದ್ರೆ ಎಂಟ್ರಿ ದುಡ್ಡು ವಾಪಸ್ ಇಲ್ಲ."

"ಎರಡು ಕೇರಿಯವರೂ ಕೂಡಿರೋ ಟೀಮು ಯಾವುದಾದರೂ ಉಂಟೇನಪ್ಪಾ?"

ಅವನು ಸ್ವಲ್ಪ ಯೋಚಿಸಿದ. "ಐಸ್ಕೂಲಲ್ಲಿದ್ದಾಗ ನಮ್ದೇ ಒಂದಿತ್ತು ತಾತ. ಸ್ಕೂಲ್ ಬುಟ್ಮೇಲೆ ಅವ್ರು ಅವ್ರ ಟೀಮ್ಗೆ ಓದ್ರು, ನಾವು ನಮ್ ಟೀಮ್ಗೆ ಬಂದೋ." ಅಷ್ಟರಲ್ಲಿ ಧ್ವನಿವರ್ಧಕವು ಅವನ ತಂಡದ ಹೆಸರನ್ನು ಕೂಗಿತು, ಎದುರು ತಂಡದ ಬೌಲರ್ ಒಬ್ಬನನ್ನು ತೋರಿಸಿ, "ಅವ್ನೇ ನೋಡಿ, ಆಗ ನನ್ ಜೊತೆ ಓಪನಿಂಗ್ ಆಡ್ತಿದ್ದೋನು, ಅವನ ಸ್ಲೋ ಬಾಲು ನಂಗೊಬ್ನಿಗೇ ಗೊತ್ತಾಗೋದು," ಎಂದು ಹೇಳಿ ಬ್ಯಾಟು ಎತ್ತಿಕೊಂಡು ಓಡಿದ.